ಲೈವ್ ಲಿನಕ್ಸ್‌ಗೊಂದು ಅಳಿಯದ ಹೋಮ್

ಪೆನ್‌ಡ್ರೈವ್‌ನಿಂದ ಓಡುವ ಲಿನಕ್ಸ್, ಕಂಪ್ಯೂಟರ್ ಆಫ್ ಮಾಡಿದೊಡನೆ ಎಲ್ಲವನ್ನೂ ಮರೆಯುತ್ತದೆ. ಅದು ನಮ್ಮ ಕೆಲಸವನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಮರೆಯುವಂತೆ ಮಾಡಬಹುದು. ಅದು ಕಷ್ಟದ ಕೆಲಸವೇನಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಪ್ರೊಸೆಸರ್, ಟಿಪಿಎಂ ಚಿಪ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗಳೇನೂ ಕೆಟ್ಟು ನಿಂತಿಲ್ಲ. ಆದರೆ ಅವುಗಳಿಗೆ ಮುಂದಿನ ದಾರಿ ಯಾವುದು ಎಂಬ ಪ್ರಶ್ನೆ ಎದ್ದಿದೆ. ಇಂಥ ಲ್ಯಾಪ್‌ಟಾಪ್ ಇರುವವರಿಗೆ ಬಲ್ಲವರು ಕೊಡುವ ಮೊದಲ ಸಲಹೆ, ‘ಲಿನಕ್ಸ್ ಹಾಕುವ ಮುಂಚೆ ಪೆನ್‌ಡ್ರೈವ್‌ನಲ್ಲಿ ಓಡಿಸಿ ನೋಡಿ, ಹಾರ್ಡ್‌ಡಿಸ್ಕ್ ಮುಟ್ಟಲೇಬೇಡಿ’ ಎಂಬುದು. ಸಲಹೆ ಸರಿಯಾದದ್ದೇ. ಪೆನ್‌ಡ್ರೈವ್ ಸಿಕ್ಕಿಸಿ, ಅದರಿಂದಲೇ ಬೂಟ್ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಬ್ರೌಸರ್, ಬರೆಯುವ ತಂತ್ರಾಂಶ, ಚಿತ್ರ ನೋಡುವ ತಂತ್ರಾಂಶ ಎಲ್ಲವೂ ಇರುವ ಪೂರ್ತಿ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಒಳಗಿನ ಹಾರ್ಡ್‌ಡಿಸ್ಕ್ ಇದ್ದ ಹಾಗೇ ಇರುತ್ತದೆ. ಇದೇ ಲೈವ್ ಲಿನಕ್ಸ್.

ತೊಂದರೆ ಕಾಣಿಸುವುದು ಮರುದಿನ. ಹಿಂದಿನ ದಿನ ಟೈಪ್ ಮಾಡಿ ‘ಡಾಕ್ಯುಮೆಂಟ್ಸ್’ ಫೋಲ್ಡರ್‌ನಲ್ಲಿ ಉಳಿಸಿದ್ದ ಪತ್ರ ಇಲ್ಲ. ಬ್ರೌಸರ್‌ನಲ್ಲಿ ಗುರುತು ಹಾಕಿಟ್ಟ ಪುಟಗಳಿಲ್ಲ. ಆರಿಸಿಕೊಂಡಿದ್ದ ಕನ್ನಡ ಕೀಲಿಮಣೆ ಮತ್ತೆ ಇಂಗ್ಲಿಷ್‌ಗೆ ಮರಳಿದೆ. ಎಷ್ಟೋ ಮಂದಿ ಇಲ್ಲಿಗೇ ಬೇಸತ್ತು, ಇದು ದಿನಬಳಕೆಗೆ ಆಗದು ಎಂದು ಕೈಬಿಡುತ್ತಾರೆ. ಅವರು ಕೈಬಿಡಬೇಕಾಗಿರಲಿಲ್ಲ ಎಂಬುದೇ ಈ ಲೇಖನದ ಮಾತು. ಉಳಿಸಬೇಕಾದದ್ದನ್ನು ಉಳಿಸುವ ಏರ್ಪಾಡು ಲೈವ್ ಲಿನಕ್ಸ್‌ನಲ್ಲಿ ಎರಡು ದಶಕಗಳಿಂದಲೂ ಇದೆ. ಅದನ್ನು ನಾವು ಹೇಳಿ ಆನ್ ಮಾಡಿಸಬೇಕು, ಅಷ್ಟೆ.

ಬರೆದದ್ದು ಹೋಗುವುದೆಲ್ಲಿಗೆ?

ಲೈವ್ ಪೆನ್‌ಡ್ರೈವ್‌ನಲ್ಲಿ ಇಡೀ ಕಾರ್ಯಾಚರಣಾ ವ್ಯವಸ್ಥೆ ಒಂದೇ ಒಂದು ದೊಡ್ಡ ಫೈಲ್‌ನಲ್ಲಿ ಒತ್ತಿ ತುಂಬಿರುತ್ತದೆ. ಲಿನಕ್ಸ್‌ನ ಬಗೆಗಳಲ್ಲೊಂದಾದ ಡೆಬಿಯನ್‌ನ ಲೈವ್ ಪೆನ್‌ಡ್ರೈವ್ ತೆರೆದರೆ ‘ಲೈವ್’ ಎಂಬ ಫೋಲ್ಡರ್‌ನಲ್ಲಿ ಅದು ಕಾಣಿಸುತ್ತದೆ. ಅದರ ಹೆಸರು ‘ಫೈಲ್‌ಸಿಸ್ಟಮ್ ಡಾಟ್ ಸ್ಕ್ವಾಷ್‌ಎಫ್‌ಎಸ್’. ಸ್ಕ್ವಾಷ್‌ಎಫ್‌ಎಸ್ ಮಾದರಿಯ ಫೈಲನ್ನು ಓದಬಹುದು, ತಿದ್ದಲಾಗದು. ಆದರೆ ಓಡುತ್ತಿರುವ ಕಂಪ್ಯೂಟರ್‌ಗೆ ಕ್ಷಣಕ್ಷಣವೂ ಏನಾದರೊಂದು ಬರೆಯಬೇಕಾಗುತ್ತದೆ. ಅದಕ್ಕಾಗಿ ವ್ಯವಸ್ಥೆಯ ತಿರುಳಾದ ಕರ್ನಲ್ ಒಂದು ಉಪಾಯ ಮಾಡುತ್ತದೆ. ಮುದ್ರಿತ ಪುಟದ ಮೇಲೆ ಪಾರದರ್ಶಕ ಹಾಳೆ ಹಾಸಿ, ಗುರುತುಗಳನ್ನೆಲ್ಲ ಆ ಹಾಳೆಯ ಮೇಲೆ ಮಾಡಿದ ಹಾಗೆ, ತಿದ್ದಲಾಗದ ಫೈಲ್‌ನ ಮೇಲೆ ಬರೆಯಬಲ್ಲ ಪದರವೊಂದನ್ನು ಹಾಸುತ್ತದೆ. ಮೇಲಿನಿಂದ ನೋಡುವವರಿಗೆ ಎರಡೂ ಸೇರಿ ಒಂದೇ ಎನಿಸುತ್ತದೆ. ಈ ಕೆಲಸ ಮಾಡುವ ಓವರ್‌ಲೇಎಫ್‌ಎಸ್ 2014ರ ಕೊನೆಗೆ ಬಂದ 3.18ನೇ ಆವೃತ್ತಿಯಿಂದ ಲಿನಕ್ಸ್ ಕರ್ನಲ್‌ನ ಭಾಗವೇ ಆಗಿದೆ. ಅದಕ್ಕೂ ಮುಂಚೆ ಯೂನಿಯನ್‌ಎಫ್‌ಎಸ್, ಎಯುಎಫ್‌ಎಸ್ ಎಂಬವು ಈ ಕೆಲಸ ಮಾಡುತ್ತಿದ್ದವು.

ಮೇಲೆ ಹಾಸಿದ ಪದರ ಇರುವುದು ರ‍್ಯಾಮ್‌ನಲ್ಲಿ. ವಿದ್ಯುತ್ ಹೋದರೆ ರ‍್ಯಾಮ್ ಖಾಲಿ, ಪದರವೂ ಇಲ್ಲ. ಹಾಗಾಗಿ ಪತ್ರ ಕಳೆದುಹೋಗಲು ಯಾವ ದೋಷವೂ ಕಾರಣವಲ್ಲ. ಅದು ಉಳಿಯುವ ಜಾಗಕ್ಕೆ ಮೊದಲಿನಿಂದಲೂ ಹೋಗಿಯೇ ಇರಲಿಲ್ಲ. ಪರಿಹಾರವೂ ಇಲ್ಲೇ ಕಾಣುತ್ತದೆ. ಬರೆದದ್ದು ರ‍್ಯಾಮ್ ಬದಲು ಪೆನ್‌ಡ್ರೈವ್‌ನ ಇನ್ನೊಂದು ಜಾಗಕ್ಕೆ ಹೋಗುವಂತೆ ಮಾಡಿದರೆ ಸಾಕು. ಇದಕ್ಕೆ ಲಿನಕ್ಸ್ ಬಳಕೆದಾರರು ‘ಪರ್ಸಿಸ್ಟೆನ್ಸ್’ ಎನ್ನುತ್ತಾರೆ.

ಎಲ್ಲವೂ ಉಳಿಯಬೇಕೆ, ಹೋಮ್ ಮಾತ್ರ ಸಾಕೆ?

ಪರ್ಸಿಸ್ಟೆನ್ಸ್‌ನಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಇಡೀ ವ್ಯವಸ್ಥೆಯ ಮೇಲಿನ ಪದರವೇ ಉಳಿಯುತ್ತದೆ. ಹೊಸದಾಗಿ ಹಾಕಿದ ತಂತ್ರಾಂಶ, ಅಪ್‌ಡೇಟ್, ತಿದ್ದಿದ ಸೆಟ್ಟಿಂಗ್ ಎಲ್ಲವೂ ಅದರಲ್ಲಿ ಸೇರುತ್ತವೆ. ಎರಡನೆಯದರಲ್ಲಿ ಬಳಕೆದಾರರ ಕಡತ, ಸೆಟ್ಟಿಂಗ್‌ಗಳಿರುವ ಹೋಮ್ ಡೈರೆಕ್ಟರಿ ಮಾತ್ರ ಉಳಿಯುತ್ತದೆ. ವ್ಯವಸ್ಥೆ ಪ್ರತಿ ಬೂಟ್‌ನಲ್ಲೂ ಹೊಸದಾಗಿ ಹುಟ್ಟುತ್ತದೆ.

ಚರಿತ್ರೆಯಲ್ಲಿ ಮೊದಲು ಬಂದದ್ದು ಎರಡನೆಯದು. ಜರ್ಮನಿಯ ಕ್ಲೌಸ್ ನಾಪ್ಪರ್ 2000ದಲ್ಲಿ ಹೊರತಂದ ನಾಪಿಕ್ಸ್, ಲೈವ್ ಸಿಡಿಯನ್ನು ಜನರ ಕೈಗೆ ತಲುಪಿಸಿದ ಲಿನಕ್ಸ್. ಸುಮಾರು 2 ಜಿಬಿಯಷ್ಟು ತಂತ್ರಾಂಶವನ್ನು 700 ಎಂಬಿಯ ಒಂದು ಸಿಡಿಯಲ್ಲಿ ಒತ್ತಿ ತುಂಬಿಸಿದ್ದರು. ಸಿಡಿಯ ಮೇಲೆ ಬರೆಯುವ ಮಾತೇ ಇರಲಿಲ್ಲ. ಆದ್ದರಿಂದ ನಾಪಿಕ್ಸ್ ಬಳಸುವವರು ತಮ್ಮ ಹೋಮ್ ಡೈರೆಕ್ಟರಿಯನ್ನು ಪೆನ್‌ಡ್ರೈವ್‌ನಲ್ಲೋ ಹಾರ್ಡ್‌ಡಿಸ್ಕ್‌ನಲ್ಲೋ ಒಂದು ಫೈಲ್ ಆಗಿ ಇಟ್ಟುಕೊಂಡು, ಬೂಟ್ ಆಗುವಾಗ ‘ಹೋಮ್ ಅಲ್ಲಿದೆ’ ಎಂದು ತಿಳಿಸುತ್ತಿದ್ದರು. ‘ಹೋಮ್ ಎಲ್ಲಿದೆಯೋ ನೀನೇ ಹುಡುಕು’ ಎಂದು ಹೇಳುವ ಬೂಟ್ ಪದವೂ ಇತ್ತು. ಇಡೀ ವ್ಯವಸ್ಥೆಯ ಮೇಲೆ ಬರೆಯಬಲ್ಲ ಪದರ ನಾಪಿಕ್ಸ್‌ಗೆ ಬಂದದ್ದು 2005ರ 3.8ನೇ ಆವೃತ್ತಿಯಲ್ಲಿ.

ಆಗ ಬೇರೆ ದಾರಿಯಿಲ್ಲದೆ ಹೋಮ್ ಮಾತ್ರ ಉಳಿಸುತ್ತಿದ್ದರು. ಇಂದು ಎರಡೂ ಸಾಧ್ಯವಿದ್ದರೂ ಹೆಚ್ಚಿನವರಿಗೆ ಹೋಮ್ ಮಾತ್ರ ಉಳಿಸುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು ಜಾಗ. ಒಂದು ತಂತ್ರಾಂಶವನ್ನು ಅಪ್‌ಡೇಟ್ ಮಾಡಿದರೆ ಒತ್ತಿ ತುಂಬಿದ ಫೈಲ್‌ನಲ್ಲಿರುವ ಹಳೆಯದು ಹಾಗೇ ಉಳಿದು, ಹೊಸದು ಮೇಲಿನ ಪದರದಲ್ಲಿ ಮತ್ತೊಮ್ಮೆ ಕೂರುತ್ತದೆ. ಕೆಲವು ತಿಂಗಳ ಅಪ್‌ಡೇಟ್‌ಗಳು ಪೆನ್‌ಡ್ರೈವನ್ನು ತಿಂದುಹಾಕುತ್ತವೆ. ಫೆಡೋರಾ ಬಳಗದ ಲೈವ್ ಪೆನ್‌ಡ್ರೈವ್‌ಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪದರದ ವಿಧಾನದಲ್ಲಂತೂ ಫೈಲ್ ಅಳಿಸಿದರೂ ಜಾಗ ಮರಳಿ ಸಿಗುತ್ತಿರಲಿಲ್ಲ. ಬರೆದಷ್ಟೂ ಜಾಗ ಸವೆದು, ಒಂದು ದಿನ ಪದರ ತುಂಬಿ ವ್ಯವಸ್ಥೆಯೇ ಬೂಟ್ ಆಗದಂತಾಗುತ್ತಿತ್ತು. ಅದಕ್ಕಾಗಿಯೇ ಪೆನ್‌ಡ್ರೈವ್ ತಯಾರಿಸುವ ಅವರ ಸಾಧನದಲ್ಲಿ ಹೋಮ್‌ಗೆ ಪ್ರತ್ಯೇಕ ಫೈಲ್ ಮಾಡುವ ಆಯ್ಕೆ ಇಟ್ಟಿದ್ದರು.

ಎರಡನೆಯದು ಹೊಂದಾಣಿಕೆ. ಲೈವ್ ಪೆನ್‌ಡ್ರೈವ್‌ನಲ್ಲಿ ಕರ್ನಲ್ ಬೂಟ್ ಆಗುವುದು ಮೂಲ ಇಮೇಜ್‌ನಿಂದ. ಮೇಲಿನ ಪದರದಲ್ಲಿ ಹೊಸ ಕರ್ನಲ್ ಹಾಕಿದರೂ ಓಡುವುದು ಹಳೆಯದೇ. ಇನ್ನು ವ್ಯವಸ್ಥೆಯ ಹೊಸ ಆವೃತ್ತಿಗೆ ಹೋಗುವಾಗ ಹಳೆಯ ಪದರವನ್ನು ಹೊಸ ಇಮೇಜ್ ಮೇಲೆ ಹಾಸಿದರೆ ಎರಡರ ನಡುವೆ ತಾಳೆಯೇ ಆಗುವುದಿಲ್ಲ. ಹೋಮ್ ಪ್ರತ್ಯೇಕವಿದ್ದರೆ ಈ ತಲೆನೋವಿಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಬಳಸಿದ ಹೋಮ್, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲೂ ಕೆಲಸ ಮಾಡುತ್ತದೆ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ನೆಮ್ಮದಿ. ಏನೋ ಪ್ರಯೋಗ ಮಾಡಲು ಹೋಗಿ ವ್ಯವಸ್ಥೆ ಕೆಟ್ಟರೆ ರೀಸ್ಟಾರ್ಟ್ ಮಾಡಿದರಾಯಿತು, ಅದು ಮೊದಲಿನಂತಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರಿಲ್ಲ. ಕೆಡಿಸಲು ಹೆದರುವವರು ಕಲಿಯುವುದು ನಿಧಾನ. ವ್ಯವಸ್ಥೆ ಮರೆಯುತ್ತದೆ ಎಂಬುದನ್ನು ಕೊರತೆಯೆಂದು ಎಣಿಸಬಾರದು. ಅದನ್ನು ಗುಣವಾಗಿ ಉಳಿಸಿಕೊಂಡು, ನಮ್ಮದೆಂಬುದನ್ನು ಮಾತ್ರ ಬೇರೆ ಇಡುವುದೇ ಜಾಣತನ.

ಹೋಮ್‌ನೊಳಗೆ ಇರುವುದು, ಇಲ್ಲದ್ದು

ಹೋಮ್ ಡೈರೆಕ್ಟರಿ ಎಂದರೆ ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರ್‌ಗಳಷ್ಟೇ ಅಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದರೆ ಚುಕ್ಕಿಯಿಂದ ಶುರುವಾಗುವ ಹೆಸರಿನ ಅಡಗಿದ ಫೋಲ್ಡರ್‌ಗಳು ಎದ್ದು ಕಾಣುತ್ತವೆ. ‘ಡಾಟ್ ಕಾನ್ಫಿಗ್’ನಲ್ಲಿ ಡೆಸ್ಕ್‌ಟಾಪ್‌ನ ಮತ್ತು ತಂತ್ರಾಂಶಗಳ ಸೆಟ್ಟಿಂಗ್‌ಗಳಿರುತ್ತವೆ. ಫೈರ್‌ಫಾಕ್ಸ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳಿಗೆ, ಲಿಬ್ರೆಆಫೀಸ್‌ನಲ್ಲಿ ನಾವು ಸೇರಿಸಿದ ಪದಗಳಿಗೆ, ಡೆಸ್ಕ್‌ಟಾಪ್‌ನ ಹಿನ್ನೆಲೆ ಚಿತ್ರದ ಆಯ್ಕೆಗೆ ಹೋಮ್‌ನ ಇಂಥ ಅಡಗಿದ ಫೋಲ್ಡರ್‌ಗಳಲ್ಲೇ ಜಾಗ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದರಿಂದ ನೇರ ಲಾಭವಿದೆ. ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಕೀಲಿಮಣೆಗಳ ಪಟ್ಟಿಯಲ್ಲಿ ಮೊದಲೇ ಸೇರಿದೆ, ಬೇರೆ ಏನನ್ನೂ ಹಾಕಬೇಕಿಲ್ಲ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಅದನ್ನು ಒಮ್ಮೆ ಆರಿಸಿದರೆ ಆ ಆಯ್ಕೆ ದಾಖಲಾಗುವುದು ಹೋಮ್‌ನೊಳಗಿನ ಸೆಟ್ಟಿಂಗ್ ಫೈಲ್‌ನಲ್ಲಿ. ಹಾಗೆಯೇ ಗುಬ್ಬಿ, ನವಿಲು ಮುಂತಾದ ಕನ್ನಡ ಅಕ್ಷರಶೈಲಿಗಳ ಫೈಲ್‌ಗಳನ್ನು ಹೋಮ್‌ನ ‘ಡಾಟ್ ಲೋಕಲ್’ ಒಳಗಿನ ‘ಶೇರ್’ ಫೋಲ್ಡರ್‌ನಲ್ಲಿ ‘ಫಾಂಟ್ಸ್’ ಎಂಬ ಫೋಲ್ಡರ್ ಮಾಡಿ ಹಾಕಿದರೆ ಅವು ಎಲ್ಲ ತಂತ್ರಾಂಶಗಳಿಗೂ ಸಿಗುತ್ತವೆ. ಹೋಮ್ ಉಳಿದರೆ ಕೀಲಿಮಣೆಯೂ ಅಕ್ಷರಶೈಲಿಯೂ ಉಳಿಯುತ್ತವೆ. ಯಾರದೇ ಕಂಪ್ಯೂಟರ್‌ಗೆ ಪೆನ್‌ಡ್ರೈವ್ ಸಿಕ್ಕಿಸಿದರೂ ಕನ್ನಡ ಸಿದ್ಧವಾಗಿರುತ್ತದೆ.

ಹೋಮ್‌ನಲ್ಲಿ ಇಲ್ಲದ್ದನ್ನೂ ತಿಳಿದಿರಬೇಕು. ಹೊಸದಾಗಿ ಇನ್‌ಸ್ಟಾಲ್ ಮಾಡಿದ ತಂತ್ರಾಂಶ ಹೋಮ್‌ನ ಹೊರಗೆ ಕೂರುತ್ತದೆ, ಆದ್ದರಿಂದ ಉಳಿಯದು. ಆ್ಯಪ್‌ಇಮೇಜ್ ರೂಪದಲ್ಲಿ ಸಿಗುವ ಹಲವು ತಂತ್ರಾಂಶಗಳನ್ನು ಹೋಮ್‌ನಲ್ಲೇ ಇಟ್ಟು ಓಡಿಸಬಹುದು. ಇನ್ನು, ಬಹಳ ಮಂದಿಯನ್ನು ಗಲಿಬಿಲಿಗೊಳಿಸುವುದು ವೈಫೈ ಪಾಸ್‌ವರ್ಡ್. ಅದನ್ನು ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಬರೆದಿಡುವುದು ವ್ಯವಸ್ಥೆಯ ‘ಇಟಿಸಿ’ ಫೋಲ್ಡರ್‌ನಲ್ಲಿ. ಹಾಗಾಗಿ ಹೋಮ್ ಎಷ್ಟೇ ಗಟ್ಟಿಯಾಗಿ ಉಳಿದರೂ ವೈಫೈ ಪಾಸ್‌ವರ್ಡನ್ನು ಪ್ರತಿ ಬೂಟ್‌ನಲ್ಲೂ ಕೇಳುತ್ತದೆ. ಅದಕ್ಕೂ ಪರಿಹಾರವಿದೆ, ಮುಂದೆ ಹೇಳುತ್ತೇನೆ.

ಮಾಡುವ ವಿಧಾನ

ಇಲ್ಲಿ ಡೆಬಿಯನ್ ಲೈವ್‌ನ ಉದಾಹರಣೆ ತೆಗೆದುಕೊಂಡಿದ್ದೇನೆ. ಅದರಲ್ಲಿ ಈ ಕೆಲಸ ನೋಡಿಕೊಳ್ಳುವ ಭಾಗದ ಹೆಸರು ಲೈವ್-ಬೂಟ್. ಅದರ ನಿಯಮಗಳು ಸರಳ ಮತ್ತು ಸ್ಪಷ್ಟ. ಕನ್ನಡದಲ್ಲಿ ಬರೆದಿರುವ ಹೆಸರುಗಳನ್ನೆಲ್ಲ ಟೈಪ್ ಮಾಡುವಾಗ, ಬೇರೆ ಹೇಳಿರದಿದ್ದರೆ, ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲೇ ಬರೆಯಬೇಕು; ‘ಡಾಟ್’ ಎಂದಿರುವಲ್ಲಿ ಚುಕ್ಕಿ ಹಾಕಬೇಕು.

ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಒಂದರಲ್ಲಿ ಡೆಬಿಯನ್ ಲೈವ್, ಇನ್ನೊಂದು ಹೋಮ್‌ಗೆ. ಒಂದೇ ಪೆನ್‌ಡ್ರೈವ್‌ನ ಮಿಕ್ಕ ಜಾಗದಲ್ಲಿ ಇನ್ನೊಂದು ಪಾರ್ಟಿಷನ್ ಮಾಡಿ ಹೋಮ್ ಇಡಬಹುದಾದರೂ, ನಾಳೆ ಹೊಸ ಆವೃತ್ತಿಯ ಇಮೇಜನ್ನು ಅದೇ ಪೆನ್‌ಡ್ರೈವ್‌ಗೆ ಬರೆದಾಗ ಪಾರ್ಟಿಷನ್ ಪಟ್ಟಿಯೇ ಅಳಿದು ಹೋಮ್ ಕೈತಪ್ಪುತ್ತದೆ. ಎರಡಿದ್ದರೆ ಆ ಭಯವಿಲ್ಲ.

ಮೊದಲ ಪೆನ್‌ಡ್ರೈವ್‌ನಿಂದ ಡೆಬಿಯನ್ ಬೂಟ್ ಮಾಡಿ, ಎರಡನೆಯದನ್ನು ಸಿಕ್ಕಿಸಿ, ‘ಡಿಸ್ಕ್ಸ್’ ಎಂಬ ತಂತ್ರಾಂಶ ತೆರೆಯಿರಿ. ಎಡಗಡೆ ಕಂಪ್ಯೂಟರ್‌ಗೆ ಜೋಡಿಸಿದ ಎಲ್ಲ ಡಿಸ್ಕ್‌ಗಳ ಪಟ್ಟಿ ಇರುತ್ತದೆ. ಇಲ್ಲಿ ಆತುರ ಸಲ್ಲದು. ಒಳಗಿನ ಹಾರ್ಡ್‌ಡಿಸ್ಕನ್ನು ತಪ್ಪಾಗಿ ಆರಿಸಿ ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದದ್ದೆಲ್ಲ ಹೋಗುತ್ತದೆ. ಡಿಸ್ಕ್‌ನ ಗಾತ್ರ ಮತ್ತು ಕಂಪನಿಯ ಹೆಸರು ಎರಡನ್ನೂ ನೋಡಿ, ಇದು ಆ ಪೆನ್‌ಡ್ರೈವೇ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದುವರಿಯಿರಿ. ಅದರ ಪಾರ್ಟಿಷನ್ನನ್ನು ಎಕ್ಸ್ಟ್4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ವಾಲ್ಯೂಮ್‌ನ ಹೆಸರನ್ನು ‘ಪರ್ಸಿಸ್ಟೆನ್ಸ್’ ಎಂದು ಕೊಡಿ. ಎಕ್ಸ್ಟ್4 ಏಕೆಂದರೆ, ಯಾವ ಫೈಲ್ ಯಾರದು, ಯಾರು ಓದಬಹುದು ಎಂಬ ಲಿನಕ್ಸ್‌ನ ಲೆಕ್ಕವನ್ನು ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫ್ಯಾಟ್32 ಇಟ್ಟುಕೊಳ್ಳಲಾರದು. ಮೇಲಾಗಿ ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಇಡಲೂ ಆಗದು.

ಈಗ ಆ ಪೆನ್‌ಡ್ರೈವ್ ತೆರೆದು, ಯಾವ ಫೋಲ್ಡರ್‌ನ ಒಳಗೂ ಅಲ್ಲದಂತೆ ನೇರವಾಗಿ ಅದರ ಮೇಲ್ಮಟ್ಟದಲ್ಲೇ ‘ಪರ್ಸಿಸ್ಟೆನ್ಸ್ ಡಾಟ್ ಕಾನ್ಫ್’ ಎಂಬ ಪಠ್ಯ ಫೈಲ್ ಮಾಡಿ. ಅದರಲ್ಲಿ ಒಂದೇ ಸಾಲು ಬರೆಯಿರಿ: ಓರೆಗೆರೆ, ಅದರ ಹಿಂದೆಯೇ ‘ಹೋಮ್’. ಎರಡರ ನಡುವೆ ಜಾಗ ಬಿಡಬೇಡಿ. ವೈಫೈ ಪಾಸ್‌ವರ್ಡ್ ಕೂಡ ಉಳಿಯಬೇಕೆನ್ನುವವರು ಎರಡನೆಯ ಸಾಲಿನಲ್ಲಿ, ‘ಇಟಿಸಿ’ ಒಳಗಿನ ‘ನೆಟ್‌ವರ್ಕ್‌ಮ್ಯಾನೇಜರ್’ ಒಳಗಿನ ‘ಸಿಸ್ಟಮ್-ಕನೆಕ್ಷನ್ಸ್’ ಫೋಲ್ಡರ್‌ನ ಪೂರ್ತಿ ದಾರಿಯನ್ನು ಬರೆಯಬಹುದು. ಇಲ್ಲಿ ‘ನೆಟ್‌ವರ್ಕ್‌ಮ್ಯಾನೇಜರ್’ ಹೆಸರಿನ ಎನ್ ಮತ್ತು ಎಂ ಮಾತ್ರ ದೊಡ್ಡಕ್ಷರ. ಈ ಫೈಲ್ ಉಳಿಸಬೇಕಾದವುಗಳ ಪಟ್ಟಿ. ಪಟ್ಟಿಯಲ್ಲಿ ಹೆಸರಿರುವ ಫೋಲ್ಡರ್ ಉಳಿಯುತ್ತದೆ, ಇಲ್ಲದ್ದು ಹೋಗುತ್ತದೆ.

ಕೊನೆಯ ಹೆಜ್ಜೆ ಬೂಟ್ ಮಾಡುವಾಗಿನದು. ರೀಸ್ಟಾರ್ಟ್ ಮಾಡಿ, ಡೆಬಿಯನ್‌ನ ಮೆನು ಬಂದಾಗ ಲೈವ್ ಸಾಲಿನ ಮೇಲೆ ನಿಂತು ‘ಇ’ ಅಕ್ಷರದ ಕೀಲಿ ಒತ್ತಿ. ತೆರೆದುಕೊಳ್ಳುವ ಸಾಲುಗಳಲ್ಲಿ ‘ಲಿನಕ್ಸ್’ ಎಂದು ಶುರುವಾಗುವುದರ ಕೊನೆಗೆ ಹೋಗಿ, ಒಂದು ಜಾಗ ಬಿಟ್ಟು ‘ಪರ್ಸಿಸ್ಟೆನ್ಸ್’ ಎಂದು ಸೇರಿಸಿ ಎಫ್10 ಒತ್ತಿ. ಈ ಪದ ಕಂಡರೆ ಮಾತ್ರ ಲೈವ್-ಬೂಟ್ ಆ ಹೆಸರಿನ ಪಾರ್ಟಿಷನ್ ಹುಡುಕಿ, ಪಟ್ಟಿ ಓದಿ, ಹೋಮ್ ಅನ್ನು ಜೋಡಿಸುತ್ತದೆ. ಹೀಗೆ ಸೇರಿಸಿದ್ದು ಆ ಒಂದು ಬೂಟ್‌ಗೆ ಮಾತ್ರ ಲಾಗೂ, ಪ್ರತಿ ಸಲವೂ ಟೈಪ್ ಮಾಡಬೇಕು. ಇದರಿಂದ ಒಂದು ಅನುಕೂಲವೂ ಇದೆ. ಬೇರೆಯವರಿಗೆ ಪೆನ್‌ಡ್ರೈವ್ ಕೊಟ್ಟು ತೋರಿಸುವಾಗ ಆ ಪದ ಸೇರಿಸದಿದ್ದರೆ ನಿಮ್ಮ ಹೋಮ್ ತೆರೆದುಕೊಳ್ಳುವುದೇ ಇಲ್ಲ.

ಆಯಿತೋ ಇಲ್ಲವೋ ಪರೀಕ್ಷಿಸಲು, ಡೆಸ್ಕ್‌ಟಾಪ್ ಬಂದ ಮೇಲೆ ಒಂದು ಫೈಲ್ ಮಾಡಿಟ್ಟು, ಅದೇ ರೀತಿ ಮತ್ತೊಮ್ಮೆ ಬೂಟ್ ಮಾಡಿ. ಫೈಲ್ ಇಲ್ಲದಿದ್ದರೆ ಮೂರು ಕಡೆ ನೋಡಬೇಕು. ವಾಲ್ಯೂಮ್‌ನ ಹೆಸರಿನಲ್ಲಿ ಅಕ್ಷರ ತಪ್ಪಿದೆಯೇ? ಪಟ್ಟಿಯ ಫೈಲ್‌ನ ಹೆಸರಿನ ಕೊನೆಗೆ ಇನ್ನೇನಾದರೂ ಸೇರಿಕೊಂಡಿದೆಯೇ? ಬೂಟ್ ಸಾಲಿನಲ್ಲಿ ಪದ ಸರಿಯಾಗಿದೆಯೇ? ಇವುಗಳಲ್ಲಿ ಒಂದು ತಪ್ಪಿದರೂ ಲೈವ್-ಬೂಟ್ ತಕರಾರು ಹೇಳದೆ ಎಂದಿನಂತೆ ರ‍್ಯಾಮ್‌ನಲ್ಲೇ ಓಡುತ್ತದೆ. ಆದ್ದರಿಂದ ಈ ಪರೀಕ್ಷೆ ಮಾಡದೆ ಮಹತ್ವದ ಕೆಲಸ ಶುರುಮಾಡಬಾರದು.

ಉಬುಂಟುವಿನಲ್ಲೂ ತತ್ವ ಇದೇ, ಹೆಸರುಗಳು ಬೇರೆ. ಅಲ್ಲಿ ಬೂಟ್ ಪದ ‘ಪರ್ಸಿಸ್ಟೆಂಟ್’, ಹೋಮ್‌ಗೆ ಮೀಸಲಾದ ಪಾರ್ಟಿಷನ್‌ನ ಹೆಸರು ‘ಹೋಮ್-ಆರ್‌ಡಬ್ಲ್ಯು’. ಎಂಎಕ್ಸ್ ಲಿನಕ್ಸ್‌ನಲ್ಲಿ ಹೋಮ್ ಮಾತ್ರ ಉಳಿಸುವ ಆಯ್ಕೆ ಬೂಟ್ ಮೆನುವಿನಲ್ಲೇ ಇದೆ. ಒಂದು ಲಿನಕ್ಸ್‌ನ ಹೋಮ್ ಅನ್ನು ಇನ್ನೊಂದಕ್ಕೆ ಒಯ್ಯುವಾಗ ಒಂದು ಮಾತು ನೆನಪಿರಲಿ: ಲಿನಕ್ಸ್ ಫೈಲ್‌ನ ಒಡೆಯರನ್ನು ಗುರುತಿಸುವುದು ಬಳಕೆದಾರರ ಸಂಖ್ಯೆಯಿಂದ, ಹೆಸರಿನಿಂದಲ್ಲ. ಡೆಬಿಯನ್ ಲೈವ್‌ನ ಬಳಕೆದಾರರ ಸಂಖ್ಯೆ 1000. ಉಬುಂಟುವಿನ ಹಳೆಯ ಲೈವ್ ಆವೃತ್ತಿಗಳಲ್ಲಿ 999. ಸಂಖ್ಯೆ ಹೊಂದದಿದ್ದರೆ ನಮ್ಮದೇ ಫೈಲನ್ನು ತಿದ್ದಲು ನಮಗೇ ಅನುಮತಿ ಸಿಗದು.

ಕಳೆದುಹೋದರೆ?

ಪೆನ್‌ಡ್ರೈವ್ ಚಿಕ್ಕದು, ಬಸ್ಸಿನಲ್ಲೋ ಕಾಲೇಜಿನ ಲ್ಯಾಬಿನಲ್ಲೋ ಬಿಟ್ಟುಬರುವುದು ಸುಲಭ. ಡೆಬಿಯನ್ ಲೈವ್‌ನ ಬಳಕೆದಾರರ ಪಾಸ್‌ವರ್ಡ್ ‘ಲೈವ್’ ಎಂಬುದು ಎಲ್ಲರಿಗೂ ಗೊತ್ತಿರುವಂಥದ್ದು. ಅದೂ ಬೇಡ, ಹೋಮ್ ಇರುವ ಪೆನ್‌ಡ್ರೈವನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರ್‌ಗೆ ಸಿಕ್ಕಿಸಿದರೆ ಒಳಗಿರುವುದೆಲ್ಲ ಓದಲು ಸಿಗುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಅದರಲ್ಲಿರುತ್ತವೆ. ಆದ್ದರಿಂದ ಬ್ಯಾಂಕ್ ವ್ಯವಹಾರವನ್ನೋ ಗುಟ್ಟಿನ ಕಾಗದಪತ್ರಗಳನ್ನೋ ಇದರಲ್ಲಿ ಇಡುವವರು ಎನ್‌ಕ್ರಿಪ್ಷನ್ ಇಲ್ಲದೆ ಮುಂದುವರಿಯಬಾರದು. ಲಿನಕ್ಸ್‌ನಲ್ಲಿ ಇದಕ್ಕೆ ‘ಲಕ್ಸ್’ ಎಂಬ ಸ್ಥಾಪಿತ ವಿಧಾನವಿದೆ. ಲೈವ್-ಬೂಟ್ ಕೂಡ ಅದನ್ನು ಬಲ್ಲದು.

ಈ ವಿಷಯದಲ್ಲಿ ಎಲ್ಲರಿಗಿಂತ ಚೆನ್ನಾಗಿ ಯೋಚಿಸಿರುವುದು ಟೈಲ್ಸ್ ಎಂಬ ಲೈವ್ ಲಿನಕ್ಸ್. ಎಡ್ವರ್ಡ್ ಸ್ನೋಡೆನ್ ಬಳಸಿದ್ದರಿಂದ ಹೆಸರಾದ ಇದರ ಆಧಾರವೂ ಡೆಬಿಯನ್ನೇ. 2024ರ ಸೆಪ್ಟೆಂಬರ್‌ನಲ್ಲಿ ಇದು ಗೋಪ್ಯ ಬ್ರೌಸಿಂಗ್‌ಗೆ ಹೆಸರಾದ ಟಾರ್ ಪ್ರಾಜೆಕ್ಟ್‌ನೊಂದಿಗೆ ಒಂದಾಯಿತು. ಟೈಲ್ಸ್ ಏನನ್ನೂ ತಾನಾಗಿ ಉಳಿಸುವುದಿಲ್ಲ. ನಾವು ಬೇಕೆಂದರೆ ಪೆನ್‌ಡ್ರೈವ್‌ನಲ್ಲೇ ಲಕ್ಸ್‌ನಿಂದ ಮುದ್ರೆಯಾದ ಒಂದು ಜಾಗ ಮಾಡಿಕೊಡುತ್ತದೆ. ಕಡತಗಳು, ವೈಫೈ, ಇಮೇಲ್, ಸೆಟ್ಟಿಂಗ್ ಫೈಲ್‌ಗಳು ಹೀಗೆ ಯಾವುದು ಉಳಿಯಬೇಕು ಎಂದು ಒಂದೊಂದಾಗಿ ಆರಿಸುವ ಅವಕಾಶ ಕೊಡುತ್ತದೆ. ಶುರುವಾಗುವಾಗ ಪಾಸ್‌ವರ್ಡ್ ಕೊಟ್ಟರೆ ಮಾತ್ರ ಆ ಜಾಗ ತೆರೆಯುತ್ತದೆ. ಕೆಲಸದ ಗುಟ್ಟು ಮುಖ್ಯವಾದ ಪತ್ರಕರ್ತರಿಗೆ, ವಕೀಲರಿಗೆ ನಾನು ಸೂಚಿಸುವುದು ಇದನ್ನೇ. ಒಂದು ಎಚ್ಚರಿಕೆ ಮಾತ್ರ ಎಲ್ಲ ಲೈವ್ ಲಿನಕ್ಸ್‌ಗೂ ಅನ್ವಯಿಸುತ್ತದೆ. ಕೀಲಿಮಣೆಯ ಒತ್ತುಗಳನ್ನು ಕದಿಯುವ ಉಪಕರಣವನ್ನು ಯಾರಾದರೂ ಕಂಪ್ಯೂಟರ್‌ಗೆ ಜೋಡಿಸಿಟ್ಟಿದ್ದರೆ ಯಾವ ಪೆನ್‌ಡ್ರೈವೂ ಕಾಪಾಡದು.

ನಿತ್ಯದ ಶಿಸ್ತು

ಪೆನ್‌ಡ್ರೈವ್‌ನ ಮೆಮೊರಿ ಚಿಪ್‌ನ ಪ್ರತಿಯೊಂದು ಕೋಶವೂ ಇಷ್ಟು ಸಲ ಎಂಬ ಮಿತಿಯವರೆಗೆ ಮಾತ್ರ ಬರೆಸಿಕೊಳ್ಳುತ್ತದೆ. ಹೋಮ್‌ನಲ್ಲಿ ಅತಿ ಹೆಚ್ಚು ಬರೆಯುವುದು ಬ್ರೌಸರ್, ಅದೂ ನೋಡಿದ ಪುಟಗಳ ತಾತ್ಕಾಲಿಕ ಪ್ರತಿಗಳನ್ನು. ಫೈರ್‌ಫಾಕ್ಸ್‌ನಲ್ಲಿ ಡಿಸ್ಕ್ ಕ್ಯಾಶೆ ಆಫ್ ಮಾಡಿ ರ‍್ಯಾಮ್‌ನಲ್ಲೇ ಇಡುವಂತೆ ಮಾಡಿದರೆ ಪೆನ್‌ಡ್ರೈವ್‌ನ ಆಯಸ್ಸೂ ಹೆಚ್ಚುತ್ತದೆ, ಬ್ರೌಸರ್‌ನ ವೇಗವೂ ಹೆಚ್ಚುತ್ತದೆ. ಬರೆಯಬೇಕಾದ್ದನ್ನು ಲಿನಕ್ಸ್ ಸ್ವಲ್ಪ ಹೊತ್ತು ರ‍್ಯಾಮ್‌ನಲ್ಲಿ ಕೂಡಿಟ್ಟು ಆಮೇಲೆ ಬರೆಯುವುದರಿಂದ, ಪೂರ್ತಿ ಶಟ್‌ಡೌನ್ ಆಗುವ ಮುಂಚೆ ಪೆನ್‌ಡ್ರೈವ್ ಎಳೆಯಬಾರದು.

ಬ್ಯಾಕಪ್ ಬಗ್ಗೆ ರಾಜಿ ಬೇಡ. ಪೆನ್‌ಡ್ರೈವ್ ಮುನ್ಸೂಚನೆ ಕೊಡದೆ ಕೈಕೊಡುವ ವಸ್ತು. ವಾರಕ್ಕೊಮ್ಮೆ ಹೋಮ್‌ನ ಪ್ರತಿಯೊಂದನ್ನು, ಅಡಗಿದ ಫೋಲ್ಡರ್‌ಗಳನ್ನೂ ಸೇರಿಸಿ, ಇನ್ನೊಂದು ಎಕ್ಸ್ಟ್4 ಡಿಸ್ಕ್‌ಗೆ ನಕಲು ಮಾಡಿಟ್ಟುಕೊಳ್ಳಿ. ಹೊಸ ಆವೃತ್ತಿಗೆ ಹೋಗುವ ಮುಂಚೆಯಂತೂ ಇದು ಕಡ್ಡಾಯ. ಏಕೆಂದರೆ ಹಳೆಯದರಿಂದ ಹೊಸದಕ್ಕೆ ಹೋಗುವುದು ಸಲೀಸು, ಹಿಂದೆ ಬರುವುದು ಕಷ್ಟ. ಹೊಸ ಫೈರ್‌ಫಾಕ್ಸ್ ಒಮ್ಮೆ ಮುಟ್ಟಿದ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸ್ ತೆರೆಯಲು ಒಪ್ಪುವುದಿಲ್ಲ.

ಇಷ್ಟು ಮಾಡಿಕೊಂಡವರಿಗೆ ಮುಂದಿನ ದಾರಿಯೂ ಸುಲಭ. ಲಿನಕ್ಸ್ ಒಗ್ಗಿತು, ಇನ್ನು ಹಾರ್ಡ್‌ಡಿಸ್ಕ್‌ಗೇ ಹಾಕೋಣ ಎನಿಸಿದ ದಿನ, ಹೊಸ ಡೆಬಿಯನ್‌ನಲ್ಲಿ ಮೊದಲ ಬಳಕೆದಾರರ ಸಂಖ್ಯೆಯೂ 1000ವೇ ಆಗಿರುತ್ತದೆ. ಪೆನ್‌ಡ್ರೈವ್‌ನ ಹೋಮ್ ಅನ್ನು ಅಲ್ಲಿಗೆ ನಕಲು ಮಾಡಿದರೆ ಬುಕ್‌ಮಾರ್ಕ್, ಕೀಲಿಮಣೆ, ಅಕ್ಷರಶೈಲಿ, ಕಡತ ಎಲ್ಲವೂ ಹೊಸ ಜಾಗಕ್ಕೆ ಬರುತ್ತವೆ. ಸ್ವಂತ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗೂ ಇದೇ ಏರ್ಪಾಡು ಸಾಕು. ಲ್ಯಾಬಿನ ಕಂಪ್ಯೂಟರ್ ಯಾರದ್ದೇ ಇರಲಿ, ಅದರಲ್ಲಿ ನಡೆಯುವ ಕೆಲಸ ಆ ವಿದ್ಯಾರ್ಥಿಯದ್ದೇ ಆಗಿ ಉಳಿಯುತ್ತದೆ. ಕಂಪ್ಯೂಟರ್ ಲ್ಯಾಬ್ ಇರುವ ಪ್ರತಿ ಕಾಲೇಜೂ ಪೆನ್‌ಡ್ರೈವ್ ಬೂಟ್‌ಗೆ ಅವಕಾಶ ಕೊಟ್ಟು, ಮೊದಲ ತಿಂಗಳಲ್ಲೇ ಇದನ್ನು ಹೇಳಿಕೊಡಬೇಕು. ಖರ್ಚು ಎರಡು ಪೆನ್‌ಡ್ರೈವ್‌ಗಳದ್ದು, ಕಲಿಯಲು ಬೇಕಾದ ಸಮಯ ಒಂದು ಮಧ್ಯಾಹ್ನ.